ಕಲಬುರಗಿಯ ಕಲ್ಲು ಪುಣೆಗೆ ಎರಡು ಸಲ ಬಂತು: ಟೈಲ್ಸ್ ಕೆಳಗಿನ ತೇವದ ಚರಿತ್ರೆ

ಇವತ್ತಿನ ಮಾತು ನೆಲದ ಬಗ್ಗೆ. ನಾಡು, ಗಡಿ ಅನ್ನೋ ಅರ್ಥದ ನೆಲ ಅಲ್ಲ. ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟ ಕೂಡಲೇ ತಣ್ಣಗೆ ತಾಗುತ್ತಲ್ಲ, ಆ ಮನೆಯ ನೆಲ. ವಾಕಡ್, ಬಾಣೇರ್, ಖರಾಡಿ ಕಡೆ ಫ್ಲ್ಯಾಟ್ ಬುಕ್ ಮಾಡಿ ಪೊಸೆಶನ್‌ಗೆ ಕಾಯ್ತಿರೋರು ನಮ್ಮಲ್ಲಿ ಬಹಳ ಜನ ಇದ್ದಾರೆ. ಸೈಟ್ ನೋಡೋಕೆ ಹೋದಾಗ ಟೈಲ್ಸ್ ಯಾವ ಬಣ್ಣ, ಯಾವ ಸೈಜು, ಯಾವ ಕಂಪನಿ ಅಂತ ಕೇಳ್ತೀವಿ. ಆ ಟೈಲ್ಸ್ ಕೆಳಗಿರೋ ಸಿಮೆಂಟ್ ಹಾಸು ಒಣಗಿದೆಯಾ ಅಂತ ಮಾತ್ರ ಯಾರೂ ಕೇಳಲ್ಲ. ಎರಡು ವರ್ಷ ಆದ್ಮೇಲೆ ಹಾಲ್ ಮಧ್ಯದಲ್ಲಿ ಎರಡು ಟೈಲ್ಸ್ ಟೆಂಟ್ ಥರ ಎದ್ದು ನಿಂತಾಗ, ಸ್ಕರ್ಟಿಂಗ್ ಮೇಲೆ ಬಿಳಿ ಪುಡಿ ಬಂದಾಗ, ಎಲ್ಲರೂ ಟೈಲ್ಸ್ ಕಂಪನಿಯನ್ನ ಬೈತಾರೆ.

"ಒಣಗಿದೆಯಾ?" ಅನ್ನೋ ಈ ಸಣ್ಣ ಪ್ರಶ್ನೆಗೆ ದೊಡ್ಡ ಚರಿತ್ರೆ ಇದೆ. ಅದರಲ್ಲಿ ಪುಣೆಯೂ ಇದೆ, ನಮ್ಮ ಕಲಬುರಗಿಯೂ ಇದೆ.

ಮೊದಲ ಸಲ: ಕಲ್ಲಾಗಿ

ಪುಣೆಯ ಹಳೇ ಮನೆಗಳ ಬಗ್ಗೆ ಮರಾಠಿಯವರ ಹತ್ರ ಮಾತಾಡಿದ್ರೆ ಒಂದು ಪದ ಬಂದೇ ಬರುತ್ತೆ: ಶಹಾಬಾದಿ ಫರಶಿ. ವಾಡಾದ ಅಂಗಳ, ಚಾಳಿನ ವರಾಂಡ, ಅಡುಗೆಮನೆ, ಬಚ್ಚಲು, ಶಾಲೆಯ ಕಟ್ಟೆ, ರೈಲ್ವೆ ಪ್ಲಾಟ್‌ಫಾರ್ಮ್, ಎಲ್ಲಾ ಕಡೆ ಆ ಬೂದು ಬಣ್ಣದ ಚಪ್ಪಟೆ ಕಲ್ಲು. ಇಲ್ಲಿನ ಎಷ್ಟೋ ಜನರಿಗೆ ಶಹಾಬಾದ್ ಅನ್ನೋದು ಒಂದು ಊರಿನ ಹೆಸರು ಅಂತಲೇ ಗೊತ್ತಿಲ್ಲ; ಅದು ಕಲ್ಲಿನ ಜಾತಿಯ ಹೆಸರು ಅಂದ್ಕೊಂಡಿದ್ದಾರೆ. ಊರು ಇರೋದು ಕಲಬುರಗಿ ಜಿಲ್ಲೆಯಲ್ಲಿ. ಭೀಮಾ ಕೊಳ್ಳದ ಸುಣ್ಣದಕಲ್ಲು ಅದು, ಪದರ ಪದರವಾಗಿ ಬಿಟ್ಕೊಳ್ಳುತ್ತೆ. ಕವಿರಾಜಮಾರ್ಗದ ಹೆಸರಿನ ಜೊತೆ ನಾವು ನೆನೆಯೋ ಮಾನ್ಯಖೇಟ, ಈಗಿನ ಮಳಖೇಡ, ಅದೇ ಸೀಮೆಯದು. ಅಲ್ಲಿನ ಕೋಟೆಯೂ ಆ ಸೀಮೆಯ ಸುಣ್ಣದಕಲ್ಲಿನದೇ.

ಈ ಕಲ್ಲು ಇಷ್ಟು ದೂರ ಬರೋಕೆ ದಾರಿ ಮಾಡಿಕೊಟ್ಟಿದ್ದು ರೈಲು. ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ 1858ರಲ್ಲಿ ಪುಣೆ ಮುಟ್ಟಿತು, 1860ರಲ್ಲಿ ಸೊಲ್ಲಾಪುರ, 1871ರಲ್ಲಿ ರಾಯಚೂರು. ಶಹಾಬಾದ್ ಆ ಹಾದಿಯ ಮೇಲೇ ಇದೆ. ಆಗ ಅದು ನಿಜಾಮರ ಸೀಮೆ. ಗಣಿಯಲ್ಲಿ ಎಬ್ಬಿಸಿದ ಹಾಸುಗಲ್ಲನ್ನ ವ್ಯಾಗನ್‌ಗೆ ತುಂಬಿದ್ರೆ ಸೊಲ್ಲಾಪುರ, ಪುಣೆ, ಮುಂಬೈ ಎಲ್ಲಾ ಒಂದೇ ಲೈನು. ಇವತ್ತು ನಾವು ಕಲಬುರಗಿಯಿಂದ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಬರ್ತೀವಲ್ಲ, ಅದೇ ಹಾದಿ.

ಈ ನೆಲ ಹಾಕೋ ಕ್ರಮ ಹೀಗಿತ್ತು. ಮಣ್ಣು, ಗರಸು ತುಂಬಿ, ನೀರು ಚಿಮುಕಿಸಿ, ದಿಮ್ಮಸಿನಿಂದ ಬಡೀತಿದ್ರು. ಅದರ ಮೇಲೆ ಸುಣ್ಣದ ಗಾರೆ, ಗಾರೆ ಮೇಲೆ ಕಲ್ಲು, ಕಲ್ಲುಗಳ ಮಧ್ಯೆ ಬೆರಳು ದಪ್ಪದ ಸಂದು. ಕಲ್ಲು ಗಣಿಯಿಂದ ತಯಾರಾಗೇ ಬಂದಿರೋದು, ಅದಕ್ಕೆ ನೀರು ಬೇಕಿಲ್ಲ. ಗಾರೆಯಲ್ಲಿರೋ ನೀರು, ಕೆಳಗಿನ ಮಣ್ಣಿಂದ ಏರೋ ತೇವ, ಎರಡೂ ಸಂದಿನ ಮೂಲಕ ಮೇಲೆ ಬಂದು ಆರಿ ಹೋಗ್ತಿತ್ತು. ಮಳೆಗಾಲದಲ್ಲಿ ನೆಲ ಬೆವರುತ್ತಿತ್ತು, ದೀಪಾವಳಿ ಹೊತ್ತಿಗೆ ತಾನೇ ಒಣಗ್ತಿತ್ತು. ಒಂದು ಕಲ್ಲು ಅಲುಗಾಡಿದ್ರೆ ಅದೊಂದನ್ನೇ ಎತ್ತಿ, ಅಡಿಗೆ ಗಾರೆ ಕೊಟ್ಟು ಮತ್ತೆ ಕೂರಿಸ್ತಿದ್ರು.

ಹಾಗಾಗಿ ಆ ಕಾಲದ ಗೌಂಡಿಗೆ ತೇವ ಅಳೆಯೋ ಯಂತ್ರ ಬೇಕಾಗಲಿಲ್ಲ. ನೆಲದ ರಚನೆಯೇ ತೇವಕ್ಕೆ ಹೊರಗೆ ಹೋಗೋ ದಾರಿ ಇಟ್ಟಿತ್ತು. ನಮ್ಮ ಸಗಣಿ ಸಾರಿಸಿದ ನೆಲವೂ ಅಷ್ಟೇ, ಮಂಗಳೂರು ಕಡೆಯ ಮಣ್ಣಿನ ಬಿಲ್ಲೆಯ ನೆಲವೂ ಅಷ್ಟೇ.

ಹಾಗಂತ ಹಿರಿಯರಿಗೆ ತೇವದ ಲೆಕ್ಕ ಗೊತ್ತಿರಲಿಲ್ಲ ಅಂತಲ್ಲ. ಅಕ್ಕಿ, ಜೋಳದ ಚೀಲವನ್ನ ನೆಲಕ್ಕೆ ಇಡ್ತಿರಲಿಲ್ಲ, ಹಲಗೆ ಮೇಲೆ ಇಡ್ತಿದ್ರು. ಮಲೆನಾಡಿನ ಅಡುಗೆಮನೆಯಲ್ಲಿ ಉಪ್ಪಿನ ಭರಣಿ ನೀರು ಬಿಟ್ಟಿತು ಅಂದ್ರೆ ಮಳೆ ಹಿಡೀತು ಅಂತ ಅರ್ಥ. ಉಪ್ಪು ಗಾಳಿಯ ತೇವ ಕುಡಿಯುತ್ತೆ ಅನ್ನೋದು ಅವರಿಗೆ ಗೊತ್ತಿದ್ದ ಮಾತು. ಈ ಉಪ್ಪಿನ ಭರಣಿಯನ್ನ ನೆನಪಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಎರಡನೇ ಸಲ: ಚೀಲದಲ್ಲಿ

ಶಹಾಬಾದ್ ಸೀಮೆಯ ಸುಣ್ಣದಕಲ್ಲಿಗೆ ಇನ್ನೊಂದು ಉಪಯೋಗ ಇತ್ತು. ಅದನ್ನ ಪುಡಿ ಮಾಡಿ, ಸುಟ್ಟು, ಅರೆದ್ರೆ ಸಿಮೆಂಟ್. ಪೋರ್ಟ್‌ಲ್ಯಾಂಡ್ ಸಿಮೆಂಟಿನ ಪೇಟೆಂಟ್ ಇಂಗ್ಲೆಂಡಿನ ಜೋಸೆಫ್ ಆಸ್ಪ್‌ಡಿನ್‌ಗೆ ಸಿಕ್ಕಿದ್ದು 1824ರಲ್ಲಿ. ನಮ್ಮ ದೇಶದಲ್ಲಿ ಕಾರ್ಖಾನೆ ಮಟ್ಟದಲ್ಲಿ ಅದು ನೆಲೆ ಕಂಡಿದ್ದು 1914ರ ಹೊತ್ತಿಗೆ, ಗುಜರಾತಿನ ಪೋರಬಂದರಿನಲ್ಲಿ. ಆಮೇಲೆ ಶಹಾಬಾದಿನಲ್ಲೂ ಸಿಮೆಂಟ್ ಕಾರ್ಖಾನೆ ಬಂತು. 1936ರಲ್ಲಿ ಹತ್ತು ಸಿಮೆಂಟ್ ಕಂಪನಿಗಳು ಸೇರಿ ಎಸಿಸಿ ಆದಾಗ ಅದರಲ್ಲಿ ಶಹಾಬಾದ್ ಸಿಮೆಂಟ್ ಕಂಪನಿಯೂ ಒಂದು. ಈಗ ವಾಡಿ, ಸೇಡಂ, ಮಳಖೇಡ ಎಲ್ಲಾ ಕಡೆ ಚಿಮಣಿಗಳಿವೆ.

ಅಂದ್ರೆ ಅದೇ ಸೀಮೆಯ ಕಲ್ಲು ಪುಣೆಗೆ ಎರಡು ಸಲ ಬಂತು. ಮೊದಲ ಸಲ ಹಾಸುಗಲ್ಲಾಗಿ, ಎರಡನೇ ಸಲ ಸಿಮೆಂಟ್ ಚೀಲದಲ್ಲಿ ಪುಡಿಯಾಗಿ. ವ್ಯತ್ಯಾಸ ಏನಪ್ಪಾ ಅಂದ್ರೆ, ಮೊದಲ ಸಲ ಬಂದ ಕಲ್ಲು ಒಣಗಿದ್ದು. ಎರಡನೇ ಸಲ ಬಂದದ್ದು ನೀರು ಕೇಳಿಕೊಂಡು ಬಂತು.

ಎಷ್ಟು ನೀರು? 50 ಕೆಜಿ ಚೀಲದ ಸಿಮೆಂಟ್ ರಾಸಾಯನಿಕವಾಗಿ ಕಟ್ಟಿಕೊಳ್ಳೋ ನೀರು ಸುಮಾರು 12 ಲೀಟರ್. ಆದರೆ ಅಷ್ಟೇ ಹಾಕಿದ್ರೆ ಕಲಸೋಕೆ ಆಗಲ್ಲ. ಹಾಗಾಗಿ 20, 25 ಲೀಟರ್ ಹೋಗುತ್ತೆ, ಕೈ ಜೋರಿದ್ರೆ ಇನ್ನೂ ಜಾಸ್ತಿ. ಆಮೇಲೆ ಒಂದು ವಾರ ಕ್ಯೂರಿಂಗ್ ಅಂತ ಮೇಲೆ ನೀರು ಬಿಡ್ತೀವಿ. ಬಿಡಲೇಬೇಕು, ಇಲ್ಲದಿದ್ರೆ ಬಲ ಬರಲ್ಲ. ಕಟ್ಟಿಕೊಂಡ ನೀರು ಬಿಟ್ಟು ಉಳಿದದ್ದರಲ್ಲಿ ಬಹುಪಾಲು ನಿಧಾನವಾಗಿ ಹೊರಗೆ ಹೋಗಬೇಕು.

ಇಲ್ಲೇ ಎಲ್ಲರೂ ಎರಡು ವಿಷಯ ಕಲಸಿಬಿಡ್ತಾರೆ. ಕ್ಯೂರಿಂಗ್ ಬೇರೆ, ಒಣಗೋದು ಬೇರೆ. ಒಂದಕ್ಕೆ ನೀರು ಒಳಗಿರಬೇಕು, ಇನ್ನೊಂದಕ್ಕೆ ನೀರು ಹೊರಗೆ ಹೋಗಬೇಕು. "28 ದಿನ ಆಯ್ತಲ್ಲ ಸರ್" ಅಂತ ಸೈಟ್ ಇಂಜಿನಿಯರ್ ಹೇಳ್ತಾರೆ. 28 ದಿನ ಅನ್ನೋದು ಬಲದ ಲೆಕ್ಕ, ಒಣಗೋ ಲೆಕ್ಕ ಅಲ್ಲ. ಒಣಗೋದಕ್ಕೆ ಬ್ರಿಟನ್ ಕಡೆ ಬಳಕೆಯಲ್ಲಿರೋ ಮೋಟು ಲೆಕ್ಕ ಹೀಗಿದೆ: ಮೊದಲ 50 ಮಿಲಿಮೀಟರ್ ದಪ್ಪಕ್ಕೆ ದಿನಕ್ಕೆ 1 ಮಿಲಿಮೀಟರ್, ಅದಕ್ಕಿಂತ ದಪ್ಪ ಇದ್ರೆ ಉಳಿದದ್ದಕ್ಕೆ ದಿನಕ್ಕೆ ಅರ್ಧ ಮಿಲಿಮೀಟರ್. 50 ಮಿಲಿಮೀಟರ್ ಹಾಸಿಗೆ 50 ದಿನ. 75 ಮಿಲಿಮೀಟರ್ ಹಾಸಿಗೆ 50 ಮತ್ತೆ 50, ಒಟ್ಟು 100 ದಿನ. ದಪ್ಪ ಒಂದೂವರೆ ಪಟ್ಟಾದ್ರೆ ಕಾಲ ಎರಡು ಪಟ್ಟು. ಇದೂ ಗಾಳಿ ಆಡೋ, ಒಣ ಹವೆಯ ಲೆಕ್ಕ. ಪುಣೆಯ ಜುಲೈ-ಆಗಸ್ಟಿನಲ್ಲಿ ಗಾಳಿಯ ತೇವಾಂಶ ಶೇ. 80 ದಾಟಿರುವಾಗ ಹಾಸಿನ ನೀರು ಎಲ್ಲಿಗೆ ಹೋಗಬೇಕು?

ಆದರೂ ಸಿಮೆಂಟಿನ ಮೊದಲ ದಶಕಗಳಲ್ಲಿ ಇದು ದೊಡ್ಡ ತೊಂದರೆ ಆಗಲಿಲ್ಲ. ಮುಂಬೈಯಲ್ಲಿ 1922ರಲ್ಲಿ ಶುರುವಾದ ಭಾರತ್ ಫ್ಲೋರಿಂಗ್ಸ್‌ನಂಥವರ ಬಣ್ಣದ ಸಿಮೆಂಟ್ ಬಿಲ್ಲೆ, ನಮ್ಮ ಕಡೆಯ ರೆಡ್ ಆಕ್ಸೈಡ್, ಪುಣೆಯವರು ಕೋಬಾ ಅನ್ನೋ ಸಿಮೆಂಟ್ ಗಚ್ಚು, ಆಮೇಲೆ ಬಂದ ಮೊಸಾಯಿಕ್, ಎಲ್ಲವೂ ಸಿಮೆಂಟಿನವೇ. ಅವೂ ಸ್ವಲ್ಪ ಉಸಿರಾಡ್ತಿದ್ದವು. ಮೊಸಾಯಿಕ್ ಹಾಕಿದ ಮೇಲೆ ಪಾಲಿಶ್ ಮೆಷಿನ್ ಬರೋಕೆ ಕನಿಷ್ಠ ಒಂದು ವಾರ ಬಿಡಬೇಕಿತ್ತು. 1961ರ ಜುಲೈ 12ರಂದು ಪಾನಶೇತ್ ಅಣೆಕಟ್ಟು ಒಡೆದು ಮುಠಾ ನದಿಯ ದಡದ ಪೇಠೆಗಳಲ್ಲಿ ಮಣ್ಣು-ಕಲ್ಲಿನ ಎಷ್ಟೋ ವಾಡಾಗಳು ಕುಸಿದವು. ಆಮೇಲೆ ಊರು ಹೊರಕ್ಕೆ ಬೆಳೀತಾ ಸಿಮೆಂಟಿನ ಮನೆಗಳೇ ಹೆಚ್ಚಾದವು. ಅವುಗಳ ಒಳಗೂ ಬಹಳ ಕಾಲ ಶಹಾಬಾದಿಯೋ ಮೊಸಾಯಿಕ್ಕೋ ಇತ್ತು. ತೇವಕ್ಕೆ ಬಾಗಿಲು ಪೂರ್ತಿ ಮುಚ್ಚಿರಲಿಲ್ಲ.

ಅಳೆಯೋ ಪಾಠ ಕಲಿಸಿದ್ದು ಲಿನೋಲಿಯಂ

ತೇವ ಅಳೆಯೋ ವಿದ್ಯೆ ಬೆಳೆದದ್ದು ಟೈಲ್ಸ್ ಹಾಕೋರಿಂದ ಅಲ್ಲ. 1860ರ ದಶಕದಲ್ಲಿ ಇಂಗ್ಲೆಂಡಿನ ಫ್ರೆಡೆರಿಕ್ ವಾಲ್ಟನ್ ಲಿನೋಲಿಯಂ ತಂದ. ಆಮೇಲೆ ರಬ್ಬರ್, ವಿನೈಲ್ ಬಂದವು. ಇವು ನೆಲಕ್ಕೆ ಅಂಟಿಸೋ ಹಾಳೆಗಳು. ನೀರಿನ ಆವಿಗೆ ದಾರಿ ಬಿಡೋದು ತೀರಾ ಕಮ್ಮಿ. ಕಾಂಕ್ರೀಟ್ ಒದ್ದೆ ಇದ್ರೆ ಅಂಟು ಕರಗಿತು, ಹಾಳೆ ಗುಳ್ಳೆ ಎದ್ದಿತು. ದುಡ್ಡು ವಾಪಸ್ ಕೊಡು ಅಂತ ಗಿರಾಕಿ ಬಾಗಿಲಿಗೆ ಬಂದ. ಆಗ ತಯಾರಕರಿಗೆ ಅಳತೆ ಬೇಕಾಯ್ತು.

ಅವರು ಹಿಡಿದದ್ದು ನಮ್ಮ ಉಪ್ಪಿನ ಭರಣಿಯ ತತ್ವವನ್ನೇ. ಕ್ಯಾಲ್ಸಿಯಂ ಕ್ಲೋರೈಡ್ ಅನ್ನೋ ಲವಣ ಅಡುಗೆ ಉಪ್ಪಿಗಿಂತ ಜೋರಾಗಿ ತೇವ ಎಳೆಯುತ್ತೆ. ಅದನ್ನ ತಟ್ಟೆಯಲ್ಲಿ ತೂಕ ಮಾಡಿ, ನೆಲದ ಮೇಲಿಟ್ಟು, ಗಾಳಿ ಆಡದ ಹಾಗೆ ಮುಚ್ಚಳ ಹಾಕಿ, 60ರಿಂದ 72 ಗಂಟೆ ಬಿಟ್ಟು ಮತ್ತೆ ತೂಕ ಮಾಡೋದು. ಹೆಚ್ಚಾದ ತೂಕವೇ ನೆಲ ಬಿಟ್ಟ ನೀರು. ಅಮೆರಿಕದಲ್ಲಿ ದಶಕಗಳ ಕಾಲ ಬಳಕೆಯಲ್ಲಿದ್ದ ಇದಕ್ಕೆ 1998ರಲ್ಲಿ ಎಎಸ್‌ಟಿಎಂ ಎಫ್ 1869 ಅನ್ನೋ ಮಾನಕ ಬಂತು.

ಯುರೋಪಿನವರು, ಮುಖ್ಯವಾಗಿ ಜರ್ಮನ್ನರು, ಇನ್ನೊಂದು ದಾರಿ ಹಿಡಿದ್ರು: ಕಾರ್ಬೈಡ್. ಹೌದು, ಮಾವಿನಹಣ್ಣಿಗೆ ಹಾಕ್ತಾರೆ ಅಂತ ನಾವು ಬೈಯೋ ಅದೇ ಕ್ಯಾಲ್ಸಿಯಂ ಕಾರ್ಬೈಡ್. 1892ರಲ್ಲಿ ಥಾಮಸ್ ವಿಲ್ಸನ್ ಅಲ್ಯೂಮಿನಿಯಂ ಮಾಡೋಕೆ ಹೋಗಿ ಇದನ್ನ ದೊಡ್ಡ ಪ್ರಮಾಣದಲ್ಲಿ ಮಾಡೋ ದಾರಿ ಕಂಡುಕೊಂಡ. ನೀರು ಬಿದ್ರೆ ಅಸಿಟಿಲೀನ್ ಅನಿಲ ಬರುತ್ತೆ, ಉಳಿಯೋದು ಸುಣ್ಣ. ಕರೆಂಟ್ ಇಲ್ಲದ ಕಾಲದ ಜಾತ್ರೆ, ಮದುವೆಗಳ ಕಾರ್ಬೈಡ್ ದೀಪ ಉರಿದದ್ದು ಇದರಿಂದಲೇ. ನೆಲದ ಪರೀಕ್ಷೆಯಲ್ಲಿ ಹಾಸಿನ ಆಳದಿಂದ ಒಂದಿಷ್ಟು ಒಡೆದು ತೆಗೆದು, ಪುಡಿ ಮಾಡಿ, ತೂಕ ಮಾಡಿ, ಉಕ್ಕಿನ ಬಾಟ್ಲಿಗೆ ಹಾಕ್ತಾರೆ. ಜೊತೆಗೆ ಕಾರ್ಬೈಡ್ ತುಂಬಿದ ಗಾಜಿನ ಕೊಳವೆ, ಒಂದಿಷ್ಟು ಉಕ್ಕಿನ ಗುಂಡು. ಮುಚ್ಚಿ ಅಲುಗಾಡಿಸಿದ್ರೆ ಗಾಜು ಒಡೆದು ಅನಿಲ ಹುಟ್ಟುತ್ತೆ. ನೀರು ಜಾಸ್ತಿ ಇದ್ದಷ್ಟೂ ಮೀಟರಿನ ಒತ್ತಡ ಜಾಸ್ತಿ. ಸಿಮೆಂಟ್ ಹಾಸಿಗೆ ಅಲ್ಲಿನ ಸಾಮಾನ್ಯ ಮಿತಿ ಈ ವಿಧಾನದ ಶೇ. 2.

ಮೂರನೇ ಹೆಜ್ಜೆ ಸ್ವೀಡನ್ನಿನದು. ಮೇಲ್ಮೈ ಒಣಗಿದ ಹಾಗೆ ಕಂಡ್ರೂ ಒಳಗೆ ನೀರಿರುತ್ತೆ. ಮೇಲೆ ಮುಚ್ಚಿದ ತಕ್ಷಣ ಆ ನೀರು ಮೇಲಕ್ಕೂ ಹಂಚಿಕೊಳ್ಳುತ್ತೆ. ಹಾಗಾದ್ರೆ ಮುಚ್ಚಿದ ಮೇಲೆ ಏನಾಗುತ್ತೆ ಅಂತ ಮುಂಚೆಯೇ ತಿಳಿಯೋಕೆ ಎಷ್ಟು ಆಳದಲ್ಲಿ ಅಳೀಬೇಕು? ಲುಂಡ್ ವಿಶ್ವವಿದ್ಯಾಲಯದ ಯೋರಾನ್ ಹೆಡೆನ್‌ಬ್ಲಾಡ್ ಇದರ ಮೇಲೆ ಕೆಲಸ ಮಾಡಿದ್ರು. ಒಂದೇ ಕಡೆಯಿಂದ ಒಣಗೋ ಹಾಸಿಗೆ ದಪ್ಪದ ಶೇ. 40 ಆಳ, ಎರಡೂ ಕಡೆಯಿಂದ ಒಣಗಿದ್ರೆ ಶೇ. 20. ಅಲ್ಲಿ ತೂತು ಕೊರೆದು ತೇವಾಂಶದ ಸೆನ್ಸರ್ ಇಡೋ ಪದ್ಧತಿಗೆ 2002ರಲ್ಲಿ ಎಎಸ್‌ಟಿಎಂ ಎಫ್ 2170 ಬಂತು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಡ್ಯಾಶ್‌ಬೋರ್ಡ್ ಹಸಿರು ಇದೆ ಅಂತ ನಂಬಬೇಡಿ, ಸರ್ವರ್ ಒಳಗೆ ಹೋಗಿ ಲಾಗ್ ನೋಡಿ ಅಂದ ಹಾಗೆ.

ವಿಟ್ರಿಫೈಡ್ ಬಂತು, ಬಾಗಿಲು ಮುಚ್ಚಿತು

ಈಗ ಪುಣೆಗೆ ವಾಪಸ್ ಬರೋಣ. ಹಿಂಜವಡಿಯ ಇನ್ಫೋಟೆಕ್ ಪಾರ್ಕಿನ ಜೊತೆ ಬೆಳೆದ ಫ್ಲ್ಯಾಟುಗಳಲ್ಲಿ ಶಹಾಬಾದಿ ಇಲ್ಲ. ಇರೋದು ವಿಟ್ರಿಫೈಡ್, ಬಹುಪಾಲು ಗುಜರಾತಿನ ಮೋರ್ಬಿಯದು. ಮಾನಕದ ಪ್ರಕಾರ ಈ ಜಾತಿಯ ಟೈಲ್ ಹೀರೋ ನೀರು ತೂಕದ ಶೇ. 0.5ಕ್ಕಿಂತ ಕಮ್ಮಿ. ಹೆಚ್ಚುಕಮ್ಮಿ ಗಾಜು. ಸೈಜು ಎರಡು ಅಡಿಯಿಂದ ನಾಲ್ಕು ಅಡಿಗೆ ಬೆಳೀತು, ಸಂದು ಕಾಗದದಷ್ಟು ತೆಳ್ಳಗಾಯ್ತು, ಅದಕ್ಕೂ ಎಪಾಕ್ಸಿ ತುಂಬ್ತಾರೆ. ಅಂದ್ರೆ ಟೈಲ್ಸ್ ನೆಲವೇ ಈಗ ಲಿನೋಲಿಯಂ ಥರ ಆಗಿದೆ. ಲಿನೋಲಿಯಂ ಕಲಿಸಿದ ಪಾಠ ಮಾತ್ರ ಜೊತೆಗೆ ಬರಲಿಲ್ಲ.

ಒಂದು ಮಾತು ಸರಿಯಾಗಿ ಹೇಳಿಬಿಡ್ತೀನಿ. ಟೈಲ್‌ಗೆ ನೀರಿನಿಂದ ಏನೂ ಆಗಲ್ಲ, ಸಿಮೆಂಟ್ ಅಂಟಿಗೂ ಅಷ್ಟಾಗಿ ಆಗಲ್ಲ. ತೊಂದರೆ ಬೇರೆ ಕಡೆ ಇದೆ. ಹಾಸು ಒಣಗ್ತಾ ಕುಗ್ಗುತ್ತೆ, ಟೈಲ್ ಕುಗ್ಗಲ್ಲ. ಆ ಎಳೆದಾಟದಲ್ಲಿ ಅಂಟು ಬಿಡುತ್ತೆ, ತಟ್ಟಿದ್ರೆ ಡಬ್ ಡಬ್ ಅಂತ ಟೊಳ್ಳು ಶಬ್ದ ಬರುತ್ತೆ. ಸುತ್ತ ಸಂದು ಬಿಡದೇ ಗೋಡೆಯಿಂದ ಗೋಡೆಗೆ ಬಿಗಿಯಾಗಿ ಹಾಕಿದ್ರೆ ಒಂದು ದಿನ ಟೈಲ್ ಎದ್ದು ನಿಲ್ಲುತ್ತೆ. ಒಳಗಿನ ನೀರು ಲವಣ ಕರಗಿಸಿಕೊಂಡು ಸಂದಿನಲ್ಲಿ, ಸ್ಕರ್ಟಿಂಗಿನಲ್ಲಿ ಬಿಳಿ ಪುಡಿಯಾಗಿ ಬರುತ್ತೆ. ಬಿಳಿ ಮಾರ್ಬಲ್ ಆದ್ರೆ ಹಳದಿ ಕಲೆ. ಬೆಡ್‌ರೂಮಿಗೆ ಮರದ ಲ್ಯಾಮಿನೇಟ್ ಅಥವಾ ವಿನೈಲ್ ಹಾಕಿಸೋರಿಗಂತೂ ತೇವ ನೇರ ಶತ್ರು.

ಇಲ್ಲಿನ ರೂಢಿ ಇದನ್ನ ಇನ್ನೂ ಕಷ್ಟ ಮಾಡುತ್ತೆ. ಬಹಳ ಸೈಟುಗಳಲ್ಲಿ ಹಾಸು ಮೊದಲು, ಟೈಲ್ ಆಮೇಲೆ ಅಂತ ಇಲ್ಲವೇ ಇಲ್ಲ. ಬೆಳಗ್ಗೆ ಮರಳು-ಸಿಮೆಂಟ್ ಬೆಡ್ ಹರಡ್ತಾರೆ, ಮೇಲೆ ಸಿಮೆಂಟ್ ಹಾಲು ಸುರೀತಾರೆ, ಆಗಲೇ ಟೈಲ್ ಕೂರಿಸಿ ರಬ್ಬರ್ ಸುತ್ತಿಗೆಯಿಂದ ತಟ್ತಾರೆ. ಇದು ಶಹಾಬಾದಿ ಕಾಲದ ಕ್ರಮ. ಶಹಾಬಾದಿಗೆ, ಮೊಸಾಯಿಕ್‌ಗೆ ಸರಿ ಇತ್ತು, ಯಾಕಂದ್ರೆ ಅವು ಸಿಮೆಂಟ್ ಹಾಲನ್ನ ಹೀರಿ ಹಿಡ್ಕೊಳ್ತಿದ್ದವು, ನೀರನ್ನ ಮೇಲಕ್ಕೂ ಬಿಡ್ತಿದ್ದವು. ವಿಟ್ರಿಫೈಡ್ ಎರಡೂ ಮಾಡಲ್ಲ. ಒಣಗಿದ ಹಾಸಿನ ಮೇಲೆ ಟೈಲ್ ಅಂಟಿನಿಂದ ಹಾಕೋದು ಇದಕ್ಕೆ ತಕ್ಕ ಕ್ರಮ. ಆ ಅಂಟಿಗೆ ನಮ್ಮ ದೇಶದ್ದೇ ಮಾನಕ ಇದೆ, ಐಎಸ್ 15477. ಅಂಟಿನಿಂದ ಹಾಕ್ತಾರೆ ಅಂದ್ರೆ ಮಾತ್ರ "ಹಾಸು ಒಣಗಿದೆಯಾ?" ಅಂತ ಕೇಳೋಕೆ ಒಂದು ಜಾಗ ಸಿಗುತ್ತೆ.

ಇನ್ನು ತಾರೀಕು. ಇಲ್ಲಿ ಪೊಸೆಶನ್ ಅಂದ್ರೆ ದಸರಾ, ದೀಪಾವಳಿ, ಗುಢಿಪಾಡವಾ. ದಸರಾಕ್ಕೆ ಕೀ ಕೊಡಬೇಕಂದ್ರೆ ನೆಲದ ಕೆಲಸ ಬೀಳೋದು ಸರಿಯಾಗಿ ಜೂನ್‌ನಿಂದ ಆಗಸ್ಟ್. ಜೂನ್ ಕೊನೆಗೆ ಹಾಸು ಹಾಕಿದ್ರೆ, ಒಂದು ವಾರ ಕ್ಯೂರಿಂಗ್ ಕಳೆದು 50 ದಿನ ಅಂದ್ರೆ ಆಗಸ್ಟ್ ಕೊನೆ, ಅದೂ ಹವೆ ಒಣಗಿದ್ರೆ. ರಿಲೀಸ್ ಡೇಟ್ ಮೊದಲೇ ಘೋಷಿಸಿ ಆಮೇಲೆ ಟೆಸ್ಟಿಂಗ್ ಕತ್ತರಿಸೋದು ನಮಗೆ ಹೊಸದಲ್ಲ ಅಲ್ವಾ?

ಏನು ಕೇಳಬೇಕು

ಮೊದಲನೇದು, ತಾರೀಕು. ಹಾಸು ಯಾವತ್ತು ಹಾಕಿದ್ರು, ಕ್ಯೂರಿಂಗ್ ಯಾವತ್ತು ನಿಲ್ಲಿಸಿದ್ರು, ದಪ್ಪ ಎಷ್ಟು. ಇಮೇಲಿನಲ್ಲಿ ಕೇಳಿ, ಉತ್ತರವನ್ನೂ ಇಮೇಲಿನಲ್ಲೇ ಇಟ್ಟುಕೊಳ್ಳಿ.

ಎರಡನೇದು, ಪ್ಲಾಸ್ಟಿಕ್ ಹಾಳೆ ಪರೀಕ್ಷೆ. ಒಂದೂವರೆ ಅಡಿ ಚೌಕದ ಪಾರದರ್ಶಕ ಹಾಳೆಯನ್ನ ನಾಲ್ಕೂ ಕಡೆ ಟೇಪ್ ಹಚ್ಚಿ ಹಾಸಿಗೆ ಅಂಟಿಸಿ, ಬಿಸಿಲು ಬೀಳದ ಜಾಗದಲ್ಲಿ ಕನಿಷ್ಠ 16 ಗಂಟೆ ಬಿಡಿ. ಒಳಗೆ ಹನಿ ಕೂತ್ರೆ, ಅಥವಾ ಹಾಸು ಕಪ್ಪಾದ್ರೆ, ಒಣಗಿಲ್ಲ ಅಂತ ಅರ್ಥ. ಹನಿ ಇಲ್ಲ ಅಂದ ಮಾತ್ರಕ್ಕೆ ಒಣಗಿದೆ ಅಂತಲ್ಲ; ಇದು ಮೇಲ್ಪದರದ ಕಥೆ ಮಾತ್ರ ಹೇಳುತ್ತೆ. ಮುಳ್ಳು ಚುಚ್ಚೋ ಸಣ್ಣ ಮೀಟರುಗಳೂ ಸಿಗ್ತವೆ. ಅವನ್ನ ಒಂದು ಮೂಲೆಗೂ ಇನ್ನೊಂದು ಮೂಲೆಗೂ ಹೋಲಿಸೋಕೆ ಮಾತ್ರ ಬಳಸಿ, ಲವಣ ಇದ್ರೆ ಅವು ದಾರಿ ತಪ್ಪಿಸ್ತವೆ. ಮರ, ವಿನೈಲ್ ಹಾಕಿಸೋದಾದ್ರೆ ಆಳದ ಸೆನ್ಸರ್ ಪರೀಕ್ಷೆಯನ್ನೇ ಕೇಳಿ. ಬ್ರಿಟನ್ನಿನ ಮಿತಿ ಶೇ. 75 ತೇವಾಂಶ.

ಮೂರನೇದು, ಬಾತ್‌ರೂಮ್. ನಮ್ಮ ಕಡೆ ತಗ್ಗಿಸಿದ ಸ್ಲ್ಯಾಬಿನಲ್ಲಿ ಇಟ್ಟಿಗೆ ಚೂರು ತುಂಬ್ತಾರೆ. ಪೈಪ್ ಸೋರಿದ್ರೆ ಅದು ಕೆರೆ. ಪಕ್ಕದ ಬೆಡ್‌ರೂಮಿನ ಸ್ಕರ್ಟಿಂಗಿನಲ್ಲಿ ತೇವ ಕಾಣಿಸಿದ್ರೆ ಹಾಸು ಎಷ್ಟು ದಿನ ಕಾದರೂ ಒಣಗಲ್ಲ. ಟೈಲ್ ಹಾಕೋ ಮುಂಚೆ 24ರಿಂದ 48 ಗಂಟೆ ನೀರು ನಿಲ್ಲಿಸಿ ನೋಡಿದ್ದಾರಾ ಕೇಳಿ.

ಆಗಲೇ ಮನೆಗೆ ಹೋಗಿ ಕೂತಿರೋರಿಗೂ ಒಂದು ದಾರಿ ಇದೆ. ರೇರಾ ಕಾಯ್ದೆಯ 14(3)ನೇ ಕಲಂ ಪ್ರಕಾರ ಪೊಸೆಶನ್ ಕೊಟ್ಟ ದಿನದಿಂದ 5 ವರ್ಷದೊಳಗೆ ಕಟ್ಟಡದ ರಚನೆ, ಕೆಲಸದ ಗುಣಮಟ್ಟದ ದೋಷ ತೋರಿಸಿದ್ರೆ ಬಿಲ್ಡರ್ 30 ದಿನದಲ್ಲಿ, ಖರ್ಚು ಕೇಳದೇ ಸರಿ ಮಾಡಿಕೊಡಬೇಕು. ಇಪ್ಪತ್ತು ವರ್ಷ ಇಎಂಐ ಕಟ್ಟೋರು ನಾವು. ನಾಣ್ಯ ಹಿಡಿದು ಮನೆಯೆಲ್ಲಾ ತಟ್ಟಿ, ಟೊಳ್ಳು ಕೇಳಿದ ಕಡೆ ಚಾಕ್‌ಪೀಸ್ ಗುರುತು ಹಾಕಿ, ತಾರೀಕಿನ ಜೊತೆ ಫೋಟೋ ತೆಗೆದು ಕಳಿಸೋಕೆ ಒಂದು ಭಾನುವಾರ ಸಾಕು.

ಕೊನೆಗೆ ಒಂದು ಮಾತು. ಕಲಬುರಗಿ, ಯಾದಗಿರಿ ಕಡೆಯಿಂದ ಕಲ್ಲು ಬಂತು, ಸಿಮೆಂಟ್ ಬಂತು, ಜನರೂ ಬಂದರು. ಪುಣೆಯ ಕಟ್ಟಡ ಕೆಲಸಗಳಲ್ಲಿ ಆ ಸೀಮೆಯ ಕನ್ನಡ ಕೇಳಿಸುತ್ತೆ. ಅವರ ಹತ್ರ ಕನ್ನಡದಲ್ಲೇ ಕೇಳಿ: "ಅಣ್ಣಾ, ಹಾಸು ಒಣಗ್ಯಾದೇನ್ರಿ?" ಉತ್ತರ ಅವರಿಗೆ ಗೊತ್ತಿರುತ್ತೆ. ಕಾಯೋ ಅಧಿಕಾರ ಮಾತ್ರ ಅವರ ಕೈಯಲ್ಲಿ ಇರಲ್ಲ. ಕೂಲಿ ಚದರಡಿ ಲೆಕ್ಕ, ಕಾದ ದಿನಕ್ಕೆ ಕಾಸಿಲ್ಲ. ಅದಕ್ಕೇ ಟೈಲ್ ಎದ್ದಾಗ ಮೇಸ್ತ್ರಿಯನ್ನ ಬೈಯೋದಕ್ಕಿಂತ, ಟೈಲ್ ಹಾಕೋ ಮುಂಚೆ ಆ 50 ದಿನವನ್ನ ಬಿಲ್ಡರ್ ಹತ್ರ ಕೇಳಿ ಪಡೆಯೋದು ಮನೆ ಕೊಳ್ಳೋರ ಕೆಲಸ. ನಾಲ್ಕು ಜನ ಸೇರಿ ಕೇಳಿದ್ರೆ ಸಿಗುತ್ತೆ.